ಐವತ್ತು ತುಂಬುವ ಮುನ್ನ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಮುಂದೆ ನಿಂತ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ, ಕೊಂಬು, ನಡಿಗೆಗಳೆಲ್ಲ ಆಮೇಲಿನ ಮಾತು. ಹಳೆಯ ಕಾರುಗಳ ಪ್ರದರ್ಶನದಲ್ಲೂ ಬಲ್ಲವರ ನೋಟ ಇದೇ ಬಗೆಯದು. ನೋಡಲು ಬಂದವರು ಫಳಫಳ ಹೊಳೆಯುವ ಬಣ್ಣಕ್ಕೆ ಮರುಳಾದರೆ, ತೀರ್ಪುಗಾರರು ಬಾನೆಟ್ ಎತ್ತಿಸಿ ಎಂಜಿನ್ ಮತ್ತು ಷಾಸಿ ಸಂಖ್ಯೆಗಳನ್ನು ದಾಖಲೆಯೊಡನೆ ತಾಳೆ ನೋಡುತ್ತಾರೆ. ದೀಪ, ಸ್ಟಿಯರಿಂಗು, ಸೀಟಿನ ಹೊದಿಕೆ ಆ ಕಾಲದವೋ ಅಥವಾ ಈಚೆಗೆ ತಂದು ಕೂರಿಸಿದವೋ ಎಂದು ವಿಚಾರಿಸುತ್ತಾರೆ.

ಆದರೆ ಒಂದು ವ್ಯತ್ಯಾಸವುಂಟು. ಬಾಯಿಗೂಡಿದ ಎತ್ತಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆ. ಕಾರಿನ ಬೆಲೆ ಇಳಿದು ಇಳಿದು ಗುಜರಿಯ ಮಟ್ಟ ಮುಟ್ಟುತ್ತದೆ. ಅಷ್ಟಾದ ಮೇಲೂ ಅದು ಉಳಿದಿದ್ದರೆ ಮತ್ತೆ ಏರತೊಡಗುತ್ತದೆ. ಈ 'ಉಳಿದಿದ್ದರೆ' ಎಂಬ ಒಂದು ಪದದಲ್ಲೇ ಹಳೆಯ ಕಾರುಗಳ ಕಥೆಯೆಲ್ಲ ಅಡಗಿದೆ.

ಹಳೆಯದೆಲ್ಲವನ್ನೂ 'ವಿಂಟೇಜ್' ಎಂದು ಕರೆಯುವುದು ರೂಢಿ. ಕಾರುಪ್ರಿಯರ ಲೆಕ್ಕ ಹೆಚ್ಚು ಬಿಗಿಯಾದದ್ದು. 1919ರಿಂದ 1930ರ ನಡುವೆ ತಯಾರಾದದ್ದು ವಿಂಟೇಜ್. ಅದಕ್ಕೂ ಹಿಂದಿನದು ವೆಟರನ್. ಎರಡನೆಯ ಮಹಾಯುದ್ಧದ ನಂತರದ್ದು ಕ್ಲಾಸಿಕ್. ಭಾರತದ ಕಾನೂನಿನ ಅಳತೆಗೋಲು ಬೇರೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪ ಕೆಡದ ಕಾರು ಹಾಗೂ ಬೈಕುಗಳು ವಿಂಟೇಜ್ ಎನಿಸುತ್ತವೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಅಂಥ ವಾಹನಕ್ಕೆ 'ವಿಎ' ಅಕ್ಷರಗಳ ಸಂಖ್ಯೆ ಸಿಗುತ್ತದೆ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇಂದು ಮಂಡ್ಯಕ್ಕೆ ಕೆಎ 11, ನಾಗಮಂಗಲಕ್ಕೆ ಕೆಎ 54 ಇರುವ ಕಾಲದಲ್ಲಿ, ಮೈಸೂರು ರಾಜ್ಯದ ದಿನಗಳ 'ಎಂವೈ' ಫಲಕ ಹೊತ್ತ ಕಾರಿನ ಮಾಲೀಕರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಈ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು.

ಐವತ್ತಕ್ಕೆ ಗೌರವವೇನೋ ಸಿಕ್ಕಿತು. ಅಲ್ಲಿಗೆ ತಲುಪುವುದು ಹೇಗೆ? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಹಳೆಯ ಎಂಜಿನ್ನುಗಳ ಹೊಗೆಯನ್ನು ತಡೆಯುವ ಈ ಉದ್ದೇಶವನ್ನು ತಪ್ಪೆನ್ನುವಂತಿಲ್ಲ. ಆದರೂ 15ರಿಂದ 50ರವರೆಗಿನ 35 ವರ್ಷಗಳಲ್ಲಿ ಕಾರು ಪರಂಪರೆಯೂ ಅಲ್ಲ, ಹೊಸದೂ ಅಲ್ಲ. ಬರೀ 'ಹಳೇ ಡಬ್ಬ'. ಬಹುತೇಕ ಕಾರುಗಳು ಗುಜರಿ ಸೇರುವುದು ಈ ನಡುವಿನಲ್ಲೇ.

ರಾಜರ, ಸಿರಿವಂತರ ಕಾರುಗಳಿಗೆ ನೆರಳಿತ್ತು. ಅವುಗಳಲ್ಲಿ ಕೆಲವಾದರೂ ಉಳಿದವು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದ ಹಳೆಯ ಕಾರುಗಳ ಸಂಗ್ರಹ ಇಂದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಮೈಸೂರು–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ, 'ಪಯಣ' ಎಂಬ ಸಂಗ್ರಹಾಲಯವಾಗಿ ನಿಂತಿದೆ. ಶಾಲಾ ಮಕ್ಕಳೂ ಹತ್ತಿರದಿಂದ ನೋಡುವಂತಾದದ್ದು ದೊಡ್ಡ ಲಾಭವೇ.

ಆದರೆ ಈ ಸೀಮೆಯ ರಸ್ತೆಗಳಲ್ಲಿ ನಿಜವಾಗಿ ಓಡಿದ ಕಾರುಗಳ ಕಥೆ ಬೇರೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಪಾಂಡವಪುರ, ಮಂಡ್ಯದ ಕಡೆ ಕಬ್ಬು ಬೆಳೆದ ಮೇಲೆ ಕೈಯಲ್ಲಿ ಕಾಸು ಆಡಿತು. ಆ ಹೊತ್ತಿಗೆ ದೇಶದ ಕಾರು ನೀತಿಯೂ ಬದಲಾಯಿತು. 1920ರ ದಶಕದಿಂದ ಇಲ್ಲಿ ಕಾರು ಜೋಡಿಸುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು, ಬಿಡಿಭಾಗಗಳನ್ನೂ ಇಲ್ಲೇ ತಯಾರಿಸಬೇಕೆಂಬ 1953ರ ನೀತಿಯ ನಂತರ ಜಾಗ ಖಾಲಿ ಮಾಡಿದವು. ಉಳಿದದ್ದು ಮುಖ್ಯವಾಗಿ ಮೂರು: 1957ರಲ್ಲಿ ಶುರುವಾದ ಅಂಬಾಸಿಡರ್, ಮುಂದೆ ಪದ್ಮಿನಿಯಾದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂದ ಕಾರು ಒಂದು ಮನೆಯದಾಗಿ ಉಳಿಯುತ್ತಿರಲಿಲ್ಲ. ಹೆರಿಗೆಗೆ ಆಸ್ಪತ್ರೆಗೂ, ದಿಬ್ಬಣಕ್ಕೂ, ಮೇಲುಕೋಟೆಯ ವೈರಮುಡಿಗೂ ಅದೇ ಕಾರು.

ಅವು ಅಷ್ಟು ವರ್ಷ ಬಾಳಿದ್ದಕ್ಕೆ ಕಾರಣವಿದೆ. ದಶಕಗಳ ಕಾಲ ವಿನ್ಯಾಸ ಹೆಚ್ಚು ಬದಲಾಗಲಿಲ್ಲವಾದ್ದರಿಂದ ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು. ಕಾರ್ಬುರೇಟರ್ ಬಿಚ್ಚಿ ತೊಳೆಯಲು, ಪಾಯಿಂಟ್ ಉಜ್ಜಿ ಕಿಡಿ ಬರಿಸಲು ನಾಗಮಂಗಲದಂಥ ಊರಿನ ಮೆಕ್ಯಾನಿಕ್ಕಿಗೆ ಸ್ಪ್ಯಾನರ್ ಮತ್ತು ಕಿವಿ ಸಾಕಾಗಿತ್ತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಈಗ ಕೊರತೆ ಬಿಡಿಭಾಗಗಳದ್ದಷ್ಟೇ ಅಲ್ಲ. ತಗಡು ತಟ್ಟಿ ಮಡ್‌ಗಾರ್ಡ್ ತಿದ್ದುವ ಟಿಂಕರಿಂಗ್ ಕೈಗಳದ್ದೂ ಹೌದು. ಜೊತೆಗೆ ಇಂಧನದ ತೊಡಕು. 2000ದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಾಗ, ಅದನ್ನೇ ನಂಬಿದ್ದ ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳಿಗೆ ಸವೆತದ ಭಯ ಬಂತು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ. ಅಂದು ಕಾರು ಕೊಳ್ಳಲು ಕಾಸು ಕೊಟ್ಟ ಕಬ್ಬಿನಿಂದಲೇ ಇಂದು ಎಥೆನಾಲ್ ಬರುತ್ತಿರುವುದು ಕಾಲದ ವಿನೋದ.

ಪ್ರದರ್ಶನದಲ್ಲಿ ನಿಂತ ಪ್ರತಿ ಕಾರಿನ ಹಿಂದೆಯೂ, ಅದು ಯಾರಿಗೂ ಬೇಡವಾಗಿದ್ದ ದಿನಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಜಾಗ ಕೊಟ್ಟು, ಮನೆಯವರ ಗೊಣಗಾಟ ಸಹಿಸಿ, ಆರ್‌.ಸಿ. ಪುಸ್ತಕ ಜೋಪಾನವಾಗಿಟ್ಟ ಒಬ್ಬರಿರುತ್ತಾರೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮೊದಲ ಮಾರುತಿ 800 ಕಾರುಗಳಿಗೆ 2033ರಲ್ಲಿ ಐವತ್ತು ತುಂಬುತ್ತದೆ. ಅಂದು ಅವುಗಳಲ್ಲಿ ಎಷ್ಟು ಸ್ವಂತ ಚಕ್ರದ ಮೇಲೆ ಬಂದು ನಿಲ್ಲುತ್ತವೆ ಎಂಬುದನ್ನು ನಿರ್ಧರಿಸುವವರು ಅಂದಿನ ತೀರ್ಪುಗಾರರಲ್ಲ. ಇಂದು ಅವನ್ನು ಗುಜರಿಗೆ ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಮಾಲೀಕರು.