ಕೆಂಪೇಗೌಡರ ವಂಶದ ಕೊನೆಯ ಊರು

ರಾಮನಗರ ಎಂದರೆ ‘ಶೋಲೆ’ಯ ಬೆಟ್ಟ, ಚನ್ನಪಟ್ಟಣ ಎಂದರೆ ಬೊಂಬೆ, ಕನಕಪುರ ಎಂದರೆ ಮೇಕೆದಾಟು. ಮಾಗಡಿಯ ಹೆಸರು ಬಂದಾಗ ಬೆಂಗಳೂರಿನ ಬಹುಪಾಲು ಜನರಿಗೆ ನೆನಪಾಗುವುದು ಮಾಗಡಿ ರಸ್ತೆ ಮಾತ್ರ. ಆ ರಸ್ತೆ ಹಿಡಿದು ಸುಮಾರು 50 ಕಿಲೋಮೀಟರ್ ಹೋದರೆ ಸಿಗುವ ಊರು ತೊಂಬತ್ತು ವರ್ಷ ರಾಜಧಾನಿಯಾಗಿತ್ತು. ಅದನ್ನು ನಾವು ಮರೆತಿರುವುದು ನನಗೆ ಸಂಕಟದ ವಿಷಯ.

1537ರಲ್ಲಿ ಹಿರಿಯ ಕೆಂಪೇಗೌಡರು ಕಟ್ಟಿದ ಬೆಂಗಳೂರು ಸುಮಾರು ನೂರು ವರ್ಷದಲ್ಲೇ ವಂಶದ ಕೈತಪ್ಪಿತು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಅದನ್ನು ಗೆದ್ದ. ಊರು ಶಹಾಜಿ ಭೋಂಸ್ಲೆಯ ಜಹಗೀರಾಯಿತು. ಇಮ್ಮಡಿ ಕೆಂಪೇಗೌಡರು ಮಾಗಡಿಗೆ ಬಂದು ನೆಲೆಸಿದರು. ಸೋತು ಬಂದವರು ಸುಮ್ಮನೆ ಕೂರಲಿಲ್ಲ ಎಂಬುದಕ್ಕೆ ಊರಿನ ಕಲ್ಲುಗಳೇ ಸಾಕ್ಷಿ.

ಊರೊಳಗಿನ ಕೋಟೆಯಿಂದಲೇ ಸುತ್ತಾಟ ಶುರುಮಾಡಬಹುದು. ಬೇರೆ ಊರುಗಳಲ್ಲಿ ಪ್ರವಾಸಿಗರು ಹಳೆಯ ಕೋಟೆಗಾಗಿ ಊರ ಹೊರಗೆ ಹೋಗಬೇಕು. ಇಲ್ಲಿ ಸಂತೆ, ಅಂಗಡಿ, ಶಾಲೆಗಳ ಓಡಾಟದ ಪಕ್ಕದಲ್ಲೇ ಅದಿದೆ. ಸೋಮೇಶ್ವರ ದೇವಾಲಯಕ್ಕೆ ಮಾತ್ರ ಬಿಡುವು ಮಾಡಿಕೊಂಡೇ ಹೋಗಬೇಕು. ಗೌಡರ ಮನೆತನ ಕಟ್ಟಿಸಿದ ಈ ಗುಡಿಯಲ್ಲಿ ಬೇಲೂರಿನ ಕುಸುರಿಯನ್ನು ಹುಡುಕಬಾರದು. ಹೊಯ್ಸಳರ ಶಿಲ್ಪಿಗೆ ಸಿಕ್ಕಿದ್ದು ಮೆತ್ತಗಿನ ಬಳಪದ ಕಲ್ಲು, ಇಲ್ಲಿನವನ ಪಾಲಿಗೆ ಬಂದದ್ದು ಉಳಿಗೆ ಸುಲಭವಾಗಿ ಬಗ್ಗದ ಕಣಶಿಲೆ. ಹಾಗಾಗಿ ಅವನು ಸೂಕ್ಷ್ಮಕ್ಕಿಂತ ಗಾತ್ರ ಮತ್ತು ನಿಲುವನ್ನು ನಂಬಿದ. ವಿಜಯನಗರ ಅಳಿದ ಮೇಲೂ ಅದರ ಕಟ್ಟಡದ ಪಾಠವನ್ನು ಪಾಳೇಗಾರರು ಹೇಗೆ ಉಳಿಸಿಕೊಂಡರು ಎಂದು ತಿಳಿಯಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ಜಾಗ ಸಿಗಲಿಕ್ಕಿಲ್ಲ.

ಊರಿನ ಜೀವ ಇರುವುದು ಇಲ್ಲಿನ ತಿರುಮಲೆಯ ರಂಗನಾಥನ ಗುಡಿಯಲ್ಲಿ. ರಂಗನಾಥ ಎಂದರೆ ಶೇಷನ ಮೇಲೆ ಮಲಗಿದ ಮೂರ್ತಿ ಎಂದುಕೊಂಡು ಒಳಗೆ ಹೋದವರಿಗೆ ಇಲ್ಲಿ ನಿಂತ ದೇವರ ದರ್ಶನವಾಗುತ್ತದೆ. ಮಲಗಿದ ರಂಗನೂ ಇದ್ದಾನೆ, ಮೂಲಮೂರ್ತಿಯ ಹಿಂಬದಿಯಲ್ಲಿ, ಪುಟ್ಟ ರೂಪದಲ್ಲಿ. ಜನ ಅವನನ್ನು ‘ಬೆಳೆಯೋ ರಂಗ’ ಎನ್ನುತ್ತಾರೆ. ಮೂರ್ತಿ ವರ್ಷವರ್ಷವೂ ಬೆಳೆಯುತ್ತಿದೆ ಎಂಬುದು ಅವರ ನಂಬಿಕೆ. ಚೈತ್ರ ಮಾಸದ ತೇರಿನ ಹೊತ್ತಿಗೆ ದನಗಳ ಜಾತ್ರೆಯೂ ಕೂಡುತ್ತದೆ. ಜೋಡೆತ್ತುಗಳನ್ನು ಸಿಂಗರಿಸಿ ತರುವ ರೈತರನ್ನು ನೋಡಬೇಕೆನ್ನುವವರು ಯುಗಾದಿ ಕಳೆದ ಮೇಲೆ ಹೊರಡುವುದು ಒಳ್ಳೆಯದು.

ಮಾಗಡಿಯ ಬೆನ್ನಿಗೆ ನಿಂತದ್ದು ಸಾವನದುರ್ಗ, 1226 ಮೀಟರ್ ಎತ್ತರದ ಏಕಶಿಲಾ ಬೆಟ್ಟ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ನೆತ್ತಿಗಳು. ಬುಡದಲ್ಲಿ ವೀರಭದ್ರ, ನರಸಿಂಹರ ಗುಡಿಗಳು. ಇಂಥ ರಕ್ಷಣೆಯಿದ್ದರೂ 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನ ಸೇನೆ ಮಾಗಡಿಯನ್ನು ಹಿಡಿಯಿತು. ಕೊನೆಯ ಗೌಡ ಕೆಂಪವೀರಪ್ಪ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಮುಂದೆ ಟಿಪ್ಪುವಿನ ಕಾಲದಲ್ಲಿ, 1791ರ ಡಿಸೆಂಬರ್ 21ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ದುರ್ಗವನ್ನೇರಿತು. ಆ ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಪುಸ್ತಕವಾಗಿ ಬಂದವು. ಅವುಗಳಲ್ಲಿ ಸಾವನದುರ್ಗವೂ ಇದೆ. ದಂಡಿನವರ ಕಣ್ಣಿಗೆ ಕಂಡ ಬೆಟ್ಟ ಅದು. ಚಾರಣಿಗರು ಇವತ್ತು ಹತ್ತುವ ಬೋಳು ಬಂಡೆಯ ಜೊತೆ ಆ ಚಿತ್ರವನ್ನು ಇಟ್ಟು ನೋಡುವಂಥ ಒಂದು ಫಲಕ ಬೆಟ್ಟದ ಬುಡದಲ್ಲಿದ್ದರೆ ಎಷ್ಟು ಚೆನ್ನ!

ಹಿರಿಯ ಕೆಂಪೇಗೌಡರ ಪ್ರತಿಮೆಗಳ ಕಥೆಯೂ ಈ ಊರಿನ ಕಥೆಗೆ ಸೇರಿದ್ದೇ. ಅವರು ತೀರಿಕೊಂಡ ನಲವತ್ತು ವರ್ಷಗಳ ಮೇಲೆ, 1609ರಲ್ಲಿ, ಶಿವಗಂಗೆಯ ಗಂಗಾಧರೇಶ್ವರನ ಸನ್ನಿಧಿಯಲ್ಲಿ ಒಂದು ಲೋಹದ ಪ್ರತಿಮೆ ಇಟ್ಟರು. ಅದು ದೇವರ ಮುಂದಿನ ಭಕ್ತನ ಪ್ರತಿಮೆ. 2022ರ ನವೆಂಬರ್ 11ರಂದು ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ಅನಾವರಣಗೊಂಡ, ರಾಮ್ ಸುತಾರ್ ರೂಪಿಸಿದ ಕಂಚಿನ ಪ್ರತಿಮೆ 108 ಅಡಿ ಎತ್ತರವಿದೆ. ಅದರ ಖಡ್ಗವೊಂದೇ 4 ಟನ್ ತೂಗುತ್ತದೆ. ನಾಡಪ್ರಭುವಿಗೆ ಆ ಗೌರವ ಸಲ್ಲಲೇಬೇಕು. ಆದರೆ ಅದನ್ನು ನೋಡಿ ಕೈಮುಗಿದವರು ಮಾಗಡಿ ತಾಲ್ಲೂಕಿನ ಕೆಂಪಾಪುರಕ್ಕೂ ಒಮ್ಮೆ ಬರಬೇಕು. ಹಿರಿಯ ಕೆಂಪೇಗೌಡರ ಸಮಾಧಿ ಎಂದು 2015ರಲ್ಲಿ ಗುರುತಿಸಲಾದ ಸಣ್ಣ ಕಲ್ಲಿನ ಕಟ್ಟಡ ಅಲ್ಲಿದೆ. ಕುಣಿಗಲ್‌ನಿಂದ ಬರುವಾಗ ಇದೇ ಜಾಗದಲ್ಲಿ ಕಾದಾಡಿ ಐಕ್ಯವಾದರು ಎಂಬ ಅರ್ಥದ ಕನ್ನಡ ಬರಹ ಅದರ ಮೇಲಿದೆ.

ಇಷ್ಟನ್ನೂ ನೋಡಲು ಒಂದು ದಿನ ಬೇಕು, ಸಾವನದುರ್ಗ ಹತ್ತುವವರಿಗೆ ಇನ್ನೊಂದು. ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಿ. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ, ಮಳೆ ಬಿದ್ದರೆ ಜಾರುತ್ತದೆ.