ಒಂದೇ ಕಾಲುವೆಯ ನೀರು: ಲಂಕೆಯ ಸಿಗಡಿ ಕೃಷಿ ಕಲಿಸುವ ಪಾಠ

ತುಳುವಿನಲ್ಲಿ ಎಟ್ಟಿ, ಮಲಯಾಳದಲ್ಲಿ ಚೆಮ್ಮೀನ್, ಕನ್ನಡದಲ್ಲಿ ಸಿಗಡಿ. ಹಸಿಯಿದ್ದರೆ ಗಸಿ, ಒಣಗಿದ್ದರೆ ಚಟ್ನಿ. ನಮ್ಮ ಕರಾವಳಿಯಲ್ಲಿ ಇದರ ರುಚಿ ಬಲ್ಲವರಿಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಸಿಂಹಳೀಯರು ಇದನ್ನೇ 'ಇಸ್ಸೊ' ಎನ್ನುತ್ತಾರೆ. ಈ ಇಸ್ಸೊ ಒಂದು ಕಾಲಕ್ಕೆ ಶ್ರೀಲಂಕೆಯ ವಾಯವ್ಯ ಕರಾವಳಿಗೆ ಚಿನ್ನದ ಬೆಳೆಯಾಗಿತ್ತು. ಆ ಚಿನ್ನ ಹೇಗೆ ಕೈಜಾರಿತು, ಅದರಲ್ಲಿ ಒಂದಷ್ಟನ್ನು ಅಲ್ಲಿನ ರೈತರು ಹೇಗೆ ಉಳಿಸಿಕೊಂಡರು ಎಂಬುದು ಉಪ್ಪುನೀರಿನ ಬದಿಯಲ್ಲಿ ಬಾಳುವವರೆಲ್ಲರೂ ತಿಳಿಯತಕ್ಕ ವಿಚಾರ.

ಪೂರ್ವದಿಂದ ಪಶ್ಚಿಮಕ್ಕೆ

ಲಂಕೆಯಲ್ಲಿ ರಫ್ತಿಗಾಗಿ ಸಿಗಡಿ ಸಾಕಣೆಯು 1980ರ ದಶಕದ ಆರಂಭದಲ್ಲಿ ಪೂರ್ವ ತೀರದ ಬಟ್ಟಿಕಲೋವಾದಲ್ಲಿ ದೊಡ್ಡ ಕಂಪೆನಿಗಳಿಂದ ತೊಡಗಿತು. 1983ರಲ್ಲಿ ಅಂತರ್ಯುದ್ಧ ಭುಗಿಲೆದ್ದಿತು. 1987ರ ಜನವರಿಯಲ್ಲಿ ಬಟ್ಟಿಕಲೋವಾ ಸಮೀಪದ ಕೊಕ್ಕಟ್ಟಿಚೋಲೆಯಲ್ಲಿ ಸಿಗಡಿ ಸಾಕಣೆ ಕೇಂದ್ರದ ಕೆಲಸಗಾರರೂ ಸೇರಿದಂತೆ ಹಲವು ಮಂದಿ ನಾಗರಿಕರು ಹತರಾದರು. ಯುದ್ಧದಿಂದಾಗಿ ಪೂರ್ವದಲ್ಲಿ ನೆಲೆಯಿಲ್ಲದಾದ ಉದ್ಯಮವು ವಾಯವ್ಯ ತೀರದ ಚಿಲಾ ಮತ್ತು ಪುತ್ತಳಂ ಪ್ರದೇಶದಲ್ಲಿ ಬೇರುಬಿಟ್ಟಿತು.

ಅಲ್ಲಿ ಕಂಪೆನಿಗಳ ಬೆನ್ನಿಗೇ ಸಣ್ಣ ಹಿಡುವಳಿದಾರರೂ ಇಳಿದರು. ಉಪ್ಪುಭೂಮಿ, ತೆಂಗಿನ ತೋಟ, ಗದ್ದೆ, ಕಾಂಡ್ಲಾ ಕಾಡು ಎಲ್ಲವೂ ಕೊಳಗಳಾದುವು. ಜಪಾನಿನ ಪೇಟೆಯಲ್ಲಿ 'ಕಪ್ಪು ಹುಲಿ' ಎಂಬ ಪಟ್ಟೆ ಸಿಗಡಿಗೆ ಒಳ್ಳೆಯ ಬೆಲೆಯಿತ್ತು. ಸರಕಾರಕ್ಕೆ ವಿದೇಶಿ ವಿನಿಮಯ, ಊರಿಗೆ ಕೆಲಸ. ಯಾರು ಬೇಡವೆಂದಾರು?

ಕೊಳದೊಳಗಿನ ಲೆಕ್ಕ

ಕೃಷಿಯ ಕ್ರಮ ಹೀಗೆ. ಸಮುದ್ರದಲ್ಲಿ ಹಿಡಿದ ತಾಯಿ ಸಿಗಡಿಯನ್ನು ಮರಿ ಉತ್ಪಾದನಾ ಕೇಂದ್ರಕ್ಕೆ ತರುತ್ತಾರೆ. ಅದು ಒಂದೇ ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಕೆಲವು ವಾರಗಳಲ್ಲಿ ನೂಲಿನೆಳೆಯಂತಹ ಮರಿಗಳು ಕೊಳಕ್ಕೆ ಬಿಡಲು ಸಿದ್ಧವಾಗುತ್ತವೆ. ನಾಲ್ಕೈದು ತಿಂಗಳು ಕಾಳಿನಂತಹ ಆಹಾರ ಹಾಕಿ ಸಾಕಿದರೆ ಸುಮಾರು 30 ಗ್ರಾಮ್ ತೂಗುತ್ತವೆ. ಕಿಲೋ ಒಂದಕ್ಕೆ ಎಷ್ಟು ಸಿಗಡಿ ತೂಗುತ್ತದೆಂಬ 'ಕೌಂಟ್' ಲೆಕ್ಕದ ಮೇಲೆ ಬೆಲೆ.

ಆದರೆ ಸಾಕುವವನಿಗೆ ನಿದ್ದೆಯಿಲ್ಲ. ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಾಗುವುದು ಬೆಳಗಿನ ಜಾವಕ್ಕೆ. ಆ ಹೊತ್ತಿನಲ್ಲಿ ನೀರು ಕಡೆಯುವ ಚಕ್ರಯಂತ್ರ ನಿಂತುಹೋದರೆ, ಸೂರ್ಯ ಮೂಡುವಾಗ ವರ್ಷದ ದುಡಿಮೆ ನೀರಿನ ಮೇಲೆ ಸತ್ತು ತೇಲಬಹುದು. ತಿನ್ನದೆ ಉಳಿದ ಆಹಾರ ಹಾಗೂ ಹಿಕ್ಕೆ ತಳದಲ್ಲಿ ಕೊಳೆತು ಕೆಸರಾಗುತ್ತವೆ. ಆಗಾಗ ನೀರು ಬದಲಿಸಲೇಬೇಕು. ಹೊಲಸು ನೀರನ್ನು ಬಿಡುವುದೆಲ್ಲಿಗೆ?

ಲಂಕೆಯ ಕಷ್ಟದ ಮೂಲ ಇಲ್ಲಿದೆ. ಚಿಲಾ, ಮುಂದಲ್, ಪುತ್ತಳಂ ಹಿನ್ನೀರುಗಳನ್ನು ಜೋಡಿಸುವುದು 'ಡಚ್ ಕಾಲುವೆ'. ಬಹುತೇಕ ಸಾಕಣೆದಾರರು ನೀರೆತ್ತಿದ್ದು ಈ ಕಾಲುವೆ-ಹಿನ್ನೀರುಗಳಿಂದ; ಕೊಳೆ ನೀರು ಬಿಟ್ಟದ್ದೂ ಅವುಗಳಿಗೇ. ಒಬ್ಬನ ತೂಬಿನಿಂದ ಹೊರಬಿದ್ದುದು ಮರುದಿನ ಇನ್ನೊಬ್ಬನ ಪಂಪಿನಲ್ಲಿ ಒಳಬಂತು.

ಬಿಳಿ ಚುಕ್ಕೆ

ಮೊದಲ ಎಚ್ಚರಿಕೆ ಬಂದುದು 1988-89ರ ರೋಗದಲ್ಲಿ. ಅದನ್ನು ಮರೆತು ಕೊಳಗಳು ಮತ್ತೆ ಹೆಚ್ಚಿದುವು. 1996ರಲ್ಲಿ 'ಬಿಳಿ ಚುಕ್ಕೆ' ಬಂತು. ಇದೊಂದು ವೈರಸ್. ಮನುಷ್ಯರಿಗೆ ಅಪಾಯವಿಲ್ಲ, ಆದರೆ ಸಿಗಡಿಯ ಚಿಪ್ಪಿನ ಮೇಲೆ ಬಿಳಿಯ ಕಲೆಗಳು ಕಂಡ ವಾರ ಹತ್ತು ದಿನದೊಳಗೆ ಕೊಳ ಖಾಲಿಯಾಗಬಹುದು. ಮದ್ದಿಲ್ಲ. ಏಡಿಗಳೂ ಇದನ್ನು ಹೊತ್ತು ತಿರುಗುತ್ತವೆ. ಒಂದೇ ಕಾಲುವೆಯ ನೀರು ಕುಡಿದ ಕೊಳಗಳಿಗೆ ರೋಗ ಸಾಲುಸಾಲಾಗಿ ಹಬ್ಬಿತು. 1998ರಲ್ಲಿ 'ಹಳದಿ ತಲೆ' ಎಂಬ ಇನ್ನೊಂದು ಪೀಡೆ. ಸಾಲ ಮಾಡಿ ಕೊಳ ತೋಡಿದವರಿಗೆ ಉಳಿದದ್ದು ಸಾಲ ಮಾತ್ರ. ಬಹಳಷ್ಟು ಕೊಳಗಳು ಪಾಳುಬಿದ್ದುವು. ಉಪ್ಪಡರಿದ ಆ ನೆಲದಲ್ಲಿ ಭತ್ತವೂ ಬೆಳೆಯದು; ಕಡಿದ ಕಾಂಡ್ಲಾ ಕಾಡು ತಾನಾಗಿ ಬೇಗನೆ ಮರಳದು.

ಸರದಿಯ ಪಂಚಾಂಗ

ಇಷ್ಟಾದ ಮೇಲೆ ಬುದ್ಧಿ ಬಂದುದು ಮದ್ದಿನ ಬಾಟ್ಲಿಯಿಂದಲ್ಲ, ಒಪ್ಪಂದದಿಂದ. 1998ರ ಕಾಯಿದೆಯಂತೆ ಹುಟ್ಟಿದ ರಾಷ್ಟ್ರೀಯ ಜಲಕೃಷಿ ಅಭಿವೃದ್ಧಿ ಪ್ರಾಧಿಕಾರವೂ ಊರೂರಿನ ರೈತ ಸಂಘಗಳೂ ಕೂಡಿ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿದರು. ಯಾವ ವಲಯದವರು ಯಾವ ತಿಂಗಳಲ್ಲಿ ಮರಿ ಬಿಡಬೇಕೆಂದು ಬೆಳೆಯ ಪಂಚಾಂಗ ಬರೆದರು. ಎಲ್ಲರೂ ಒಮ್ಮೆಲೇ ಕಾಲುವೆಗೆ ಕೊಳೆ ಬಿಡಕೂಡದು. ಪರೀಕ್ಷೆಯಾಗದ ಮರಿ ಬಿಡಕೂಡದು. ರೋಗ ಕಂಡರೆ ಮುಚ್ಚಿಡಕೂಡದು, ಆ ಕೊಳದ ನೀರು ಹೊರಗೆ ಬಿಡಲೂಕೂಡದು. ತನ್ನ ಕೊಳದಲ್ಲಿ ತಾನೇ ಒಡೆಯನೆಂದಿದ್ದವನು ಸಂಘದ ಮಾತಿಗೆ ಕಾಯಬೇಕಾಯಿತು.

ರೋಗ ನಿರ್ನಾಮವಾಯಿತೇ? ಇಲ್ಲ. ಬಿಳಿ ಚುಕ್ಕೆ ಮತ್ತೆ ಮತ್ತೆ ಬಂದಿದೆ. ಆದರೆ ಸಣ್ಣ ರೈತರು ಅಲ್ಲಿ ಇನ್ನೂ ಸಿಗಡಿ ಸಾಕುತ್ತಿರುವುದಕ್ಕೆ ಈ ಶಿಸ್ತು ಒಂದು ಮುಖ್ಯ ಕಾರಣ.

ನಮ್ಮ ನೆರೆಯಲ್ಲಿ

ಅದೇ 1996ರ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೊಳಗಳನ್ನು ತೆಗೆಯಲು ಆಜ್ಞಾಪಿಸಿತು; ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ನೀಡಿತು. ಆ ಪದ್ಧತಿ ನಮಗೆ ದೂರದ್ದಲ್ಲ. ಕಣ್ಣೂರಿನ ಕೈಪಾಡ್, ಕುಮಟೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ; ಕೊಯ್ಲಿನ ಬಳಿಕ ಭರತದ ನೀರಿನೊಡನೆ ತಾನಾಗಿ ಬರುವ ಸಿಗಡಿ. ಕೂಳೆಯೇ ಅದಕ್ಕೆ ಆಹಾರದ ಮೂಲ. ಲಾಭ ಸಣ್ಣದು, ಒಂದೇ ರಾತ್ರಿಯಲ್ಲಿ ಮನೆ ಮುಳುಗಿಸುವ ಸಾಲವಿಲ್ಲ. ಅಲ್ಲಿಯೂ ಕಟ್ಟ ಕಟ್ಟುವುದು, ತೂಬು ತೆರೆಯುವುದು ಒಬ್ಬೊಬ್ಬರ ಮರ್ಜಿಯಲ್ಲ, ಬೈಲಿನವರೆಲ್ಲರ ಕೆಲಸ.

ಕೊಳಕ್ಕೆ ದಂಡೆ ಕಟ್ಟಬಹುದು, ನೀರಿಗೆ ಬೇಲಿ ಹಾಕಲಾಗದು. ಲಂಕೆಯ ರೈತರು ಬಹಳ ಕಳೆದುಕೊಂಡು ಕಲಿತ ಈ ಮಾತನ್ನು ನಾವು ಏನನ್ನೂ ಕಳೆದುಕೊಳ್ಳದೆಯೇ ಕಲಿಯಬಹುದು.