ಐದು ವರ್ಷಕ್ಕೊಬ್ಬ ರಾಜ!

ರಾಜನ ಮಗನೇ ರಾಜ ಎನ್ನುವುದು ಎಲ್ಲ ಕಡೆಯ ಮಾತಲ್ಲ. ಮಲೇಷ್ಯಾದಲ್ಲಿ ದೇಶದ ದೊರೆಗೂ ಚುನಾವಣೆ ಇದೆ, ಐದು ವರ್ಷದ ಅವಧಿಯೂ ಇದೆ! ಅಲ್ಲಿನ 13 ರಾಜ್ಯಗಳ ಪೈಕಿ ಒಂಬತ್ತಕ್ಕೆ ವಂಶದ ಅರಸರಿದ್ದಾರೆ. ಏಳು ಕಡೆ ಸುಲ್ತಾನ, ಪೆರ್ಲಿಸ್‌ನಲ್ಲಿ ಮಾತ್ರ ನಮ್ಮ ಬಾಯಿಗೂ ಒಗ್ಗುವ ‘ರಾಜ’. ಉಳಿದ ನೆಗೆರಿ ಸೆಂಬಿಲಾನ್‌ನ ಅರಸನನ್ನು ಅಲ್ಲಿನ ನಾಲ್ವರು ನಾಯಕರು ರಾಜಮನೆತನದಿಂದಲೇ ಆರಿಸುತ್ತಾರೆ.

ಈ ಒಂಬತ್ತು ಮಂದಿ ಸೇರಿ ತಮ್ಮಲ್ಲೊಬ್ಬರನ್ನು ದೇಶದ ದೊರೆಯಾಗಿ ಆರಿಸುವುದು ಗುಪ್ತ ಮತದಾನದಲ್ಲಿ. ಚೀಟಿಯಲ್ಲಿ ಇರುವುದು ಒಂದೇ ಹೆಸರು. ಈತ ಆಗಬಹುದೋ ಇಲ್ಲವೋ ಎಂದಷ್ಟೇ ಬರೆಯಬೇಕು. ಐದು ಮತ ಬಿದ್ದರೆ ಗೆದ್ದಂತೆ. ಆಮೇಲೆ ಚೀಟಿಗಳನ್ನು ನಾಶ ಮಾಡುತ್ತಾರೆ. ಒಂಬತ್ತು ಮನೆತನಗಳಿಗೂ ಸರದಿ ಇರುವುದರಿಂದ ಪೈಪೋಟಿ ಅಷ್ಟಕ್ಕಷ್ಟೆ.

1957ರಲ್ಲಿ ಮೊದಲು ಪಟ್ಟಕ್ಕೆ ಬಂದವರು ನೆಗೆರಿ ಸೆಂಬಿಲಾನ್‌ನ ತುವಾಂಕು ಅಬ್ದುಲ್ ರಹಮಾನ್. ಮಲೇಷ್ಯಾದ ನೋಟುಗಳ ಮೇಲೆ ಇಂದಿಗೂ ಅವರದೇ ಮುಖ. ಕೆಡಾದ ಸುಲ್ತಾನ ಅಬ್ದುಲ್ ಹಲೀಂ ಅವರಿಗೆ ಎರಡು ಬಾರಿ, 1970 ಮತ್ತು 2011ರಲ್ಲಿ, ಪಟ್ಟ ಒಲಿಯಿತು. ಕೆಲಾಂತನ್‌ನ ಐದನೇ ಮುಹಮ್ಮದ್ 2019ರಲ್ಲಿ ಅವಧಿಗೆ ಮುಂಚೆಯೇ ಕೆಳಗಿಳಿದರು.

ದೊರೆಯ ಬಿರುದು ‘ಯಾಂಗ್ ದಿ-ಪೆರ್ತುವಾನ್ ಅಗೋಂಗ್’. ಅದರ ಮುಂದೆ ಸೇರುವ ಗೌರವದ ಮಾತುಗಳನ್ನು ಕಿವಿಗೊಟ್ಟು ಕೇಳಿ: ‘ದುಲಿ’, ‘ಮಹಾ’, ‘ಸೆರಿ ಪಾದುಕ’. ನಮ್ಮ ಧೂಳಿ, ಮಹಾ, ಶ್ರೀಪಾದುಕೆಗಳೇ! ಸಂಸ್ಕೃತದ ಈ ಪದಗಳು ಸಮುದ್ರ ದಾಟಿ ಹೋಗಿ ಸುಲ್ತಾನರ ಆಸ್ಥಾನದಲ್ಲಿ ನೆಲೆನಿಂತಿವೆ.